ಮೂತಿಯಿಲ್ಲದ ಗಾಡಿಯಲ್ಲಿ ಆಗುಂಬೆ ಇಳಿದು...

ಕನ್ನಡ ಸಿನಿಮಾ ನೋಡುವವರಿಗೆಲ್ಲ ಮಾರುತಿ ವ್ಯಾನಿನ ಪರಿಚಯ ಚೆನ್ನಾಗಿಯೇ ಇದೆ. ನಾಯಕಿ ರಸ್ತೆಬದಿಯಲ್ಲಿ ನಡೆದು ಬರುತ್ತಿರುತ್ತಾಳೆ. ಸರ್ರನೆ ವ್ಯಾನೊಂದು ಬಂದು ನಿಲ್ಲುತ್ತದೆ, ಪಕ್ಕದ ಬಾಗಿಲು ಜಾರುತ್ತದೆ, ಮರುಕ್ಷಣ ನಾಯಕಿ ಮಾಯ! ಖಳನಾಯಕರಿಗೆ ಇಷ್ಟೊಂದು ಅನುಕೂಲ ಮಾಡಿಕೊಟ್ಟ ಆ ಜಾರುಬಾಗಿಲು ನಿಜಜೀವನದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಶಾಲೆಯ ಮಕ್ಕಳಿಗೆ, ಆಸ್ಪತ್ರೆಗೆ ಹೊರಟ ರೋಗಿಗಳಿಗೆ, ಹಾಲಿನ ಕ್ಯಾನುಗಳಿಗೆ ಮತ್ತು ಮದುವೆಮನೆಯ ಪಾತ್ರೆ ಪಡಗಗಳಿಗೆ.

ಈ ಗಾಡಿ ರಸ್ತೆಗಿಳಿದದ್ದು 1984ರಲ್ಲಿ. ಆಗ ಅದರ ಹೆಸರು ಬರೀ ಮಾರುತಿ ವ್ಯಾನ್. 1988ರಿಂದ ಓಮ್ನಿ ಎಂದಾಯಿತು. ಹಳ್ಳಿಗಳ ಬಾಯಲ್ಲಿ ಅದು ‘ಓಮಿನಿ’. ಮಾರುತಿ 800 ಕಾರಿನಲ್ಲಿದ್ದ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನೇ ಇದಕ್ಕೂ. ಕಾರಿನಲ್ಲಿ ಮುಂದೆ ಬಾನೆಟ್ಟಿನೊಳಗೆ ಇದ್ದ ಎಂಜಿನ್ ವ್ಯಾನಿನಲ್ಲಿ ಮುಂದಿನ ಸೀಟುಗಳ ಅಡಿಗೆ ಬಂತು. ಹಾಗಾಗಿ ಗಾಡಿಗೆ ಮೂತಿಯೇ ಇಲ್ಲದಂತಾಗಿ, ಉಳಿದ ಜಾಗವೆಲ್ಲ ಜನಕ್ಕೆ, ಸಾಮಾನಿಗೆ ಸಿಕ್ಕಿತು. ಐದು ಆಸನದ್ದೂ ಇತ್ತು, ಎಂಟು ಆಸನದ್ದೂ ಇತ್ತು.

ಕಾಕತಾಳೀಯವೆಂದರೆ, ಇದಕ್ಕೆ ಸ್ವಲ್ಪವೇ ಮೊದಲು, 1983ರ ಕೊನೆಯಲ್ಲಿ, ಅಮೆರಿಕದ ಕ್ರೈಸ್ಲರ್ ಕಂಪೆನಿ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ಎಂಬ ಎರಡು ಮಿನಿವ್ಯಾನುಗಳ ತಯಾರಿಕೆ ಆರಂಭಿಸಿತ್ತು. ಗಾತ್ರದಲ್ಲಿ ಅವು ನಮ್ಮ ಓಮ್ನಿಯ ದೊಡ್ಡಪ್ಪಂದಿರು. ಆದರೆ ಅವುಗಳ ಹಣೆಬರಹವೂ ಇದರ ಹಾಗೆಯೇ. ಮನೆಮಂದಿಗೆಲ್ಲ ಬೇಕು, ಆದರೆ ‘ಇದು ನಮ್ಮ ಗಾಡಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದಕ್ಕೆ ಸಂಕೋಚ. ಇಂಥ ಗಾಡಿಯ ಮೇಲೆ ಮೊದಲ ನೋಟದಲ್ಲೇ ಪ್ರೀತಿ ಹುಟ್ಟುವುದಿಲ್ಲ. ಅದನ್ನು ಓಡಿಸಿ ಓಡಿಸಿ ಕಲಿಯಬೇಕು.

ಶಿವಮೊಗ್ಗದಿಂದ ಉಡುಪಿಗೆ ಹೋಗುವ ಸುಮಾರು 150 ಕಿಲೋಮೀಟರ್ ರಸ್ತೆ ಅಂಥ ಪಾಠಕ್ಕೆ ಹೇಳಿ ಮಾಡಿಸಿದ ಶಾಲೆ. ಸಿ.ಇ.ಟಿ. ಕೌನ್ಸೆಲಿಂಗ್ ಮುಗಿದು ಮಲೆನಾಡಿನ ಮಕ್ಕಳು ಘಟ್ಟ ಇಳಿದು ಕರಾವಳಿಯ ಕಾಲೇಜುಗಳಿಗೆ ಹೊರಡುವ ದಿನಗಳಲ್ಲಿ ಈ ರಸ್ತೆಯಲ್ಲಿ ಟ್ರಂಕು, ಹಾಸಿಗೆ, ಬಕೆಟ್ಟು ತುಂಬಿಕೊಂಡ ಗಾಡಿಗಳು ಕಾಣಸಿಗುತ್ತವೆ. ಅಂಥದೊಂದು ಹಳೆಯ ಓಮ್ನಿಯಲ್ಲಿ ಓದುಗರು ಹತ್ತಿ ಕೂರಬಹುದು. ಗಾಡಿ ಶಿವಮೊಗ್ಗದ ಕಿರಾಣಿ ಅಂಗಡಿಯವರದು. ವಾರದ ದಿನಗಳಲ್ಲಿ ಬೆಲ್ಲದ ಪೆಂಟೆ, ಅಕ್ಕಿಮೂಟೆ ಹೊತ್ತು, ಭಾನುವಾರ ಮನೆಯವರನ್ನು ಹೊರುವುದು ಅದರ ಕೆಲಸ. ಈ ಸಲ ಸ್ಟೀರಿಂಗ್ ಹಿಡಿದಿರುವಾಕೆ ಮನೆಯೊಡತಿ. ಯಜಮಾನರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಗಾಡಿ ಓಡಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ಮಗಳನ್ನು ಹಾಸ್ಟೆಲಿಗೆ ಬಿಡುವ ದಿನವೋ ಮುಂದೆ ಹೋಗುವಂತಿಲ್ಲ.

ಆಕೆಗೆ ಲೈಸೆನ್ಸ್ ಇದೆ. ಇಲ್ಲದ್ದು ಈ ಗಾಡಿಯ ಮೇಲಿನ ಮನಸ್ಸು. ಡ್ರೈವಿಂಗ್ ಸ್ಕೂಲಿನಲ್ಲಿ ಮೂತಿಯಿದ್ದ ಕಾರಿನಲ್ಲಿ ಕಲಿತವರು. ಕೊಂಡರೆ ಅಂಥದೇ ಕೊಳ್ಳಬೇಕೆಂಬ ಆಸೆಯಿತ್ತು. ಮದುವೆ ಮುಂಜಿಗಳಿಗೆ ಹೋದಾಗ ಛತ್ರದ ಬಾಗಿಲಲ್ಲಿ ಈ ‘ಸಾಮಾನು ಗಾಡಿ’ಯಿಂದ ರೇಷ್ಮೆ ಸೀರೆ ಸರಿಮಾಡಿಕೊಂಡು ಇಳಿಯುವುದೆಂದರೆ ಅವರಿಗೆ ಮುಜುಗರ. ಸೀರೆಗೆ ಎಷ್ಟು ಸೆಂಟು ಹಾಕಿಕೊಂಡರೂ ಬೆಲ್ಲದ ವಾಸನೆ ಜತೆಗೇ ಇಳಿಯುತ್ತಿತ್ತು.

ತುಂಗೆಯ ಜತೆಜತೆಗೆ

ಶಿವಮೊಗ್ಗ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಜನೂರಿನ ತುಂಗಾ ಅಣೆಕಟ್ಟು. ಅದರ ಹಿನ್ನೀರಿನ ದಂಡೆಯಲ್ಲೇ ಅರಣ್ಯ ಇಲಾಖೆಯ ಸಕ್ರೆಬೈಲು ಆನೆ ಬಿಡಾರ. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ನೀರಿಗಿಳಿಸಿ ಮೈ ತಿಕ್ಕುವುದನ್ನು ನೋಡಲು ಮಕ್ಕಳ ಸಾಲೇ ನಿಂತಿರುತ್ತದೆ. ಇನ್ನೂ ಮುಂದಕ್ಕೆ ಮಂಡಗದ್ದೆ. ರಸ್ತೆಗೆ ತಾಗಿದಂತೆ ಹರಿಯುವ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲ ಬಂತೆಂದರೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಮರಿಗಳು ರೆಕ್ಕೆ ಬಲಿತು ಹಾರುವವರೆಗೆ ತಾಯಿ ತಂದೆಯರಿಗೆ ಪುರುಸೊತ್ತಿಲ್ಲ.

ಈ ದಾರಿಯಲ್ಲಿ ಓಮ್ನಿಯ ಮೊದಲ ಗುಣ ತಿಳಿಯುತ್ತದೆ. ಮುಂದೆ ಬಾನೆಟ್ ಇಲ್ಲದ್ದರಿಂದ ರಸ್ತೆ ಪಾದದ ಬುಡದಿಂದಲೇ ಶುರುವಾಗುತ್ತದೆ. ಎತ್ತರದ ಸೀಟು, ಅಗಲವಾದ ಗಾಜು. ಹೊಂಡ ಎಲ್ಲಿದೆ, ದನ ಎಲ್ಲಿದೆ, ರಸ್ತೆಯ ಅಂಚು ಎಲ್ಲಿ ಕೊರೆದಿದೆ, ಎಲ್ಲವೂ ಕಾಣುತ್ತದೆ. ಹಿಂದೆ ಕೂತ ಅಜ್ಜಿಗೂ ಕಾಣುತ್ತದೆ. ತೊಂದರೆಯೆಂದರೆ ಅದೇ!

“ಅಲ್ಲಿ ಎಮ್ಮೆ ಬಂತು ನೋಡೇ.”

“ಕಂಡಿದೆ ಅತ್ತೆ.”

“ಬಸ್ಸು ಬರ್ತಾ ಇದೆ.”

“ಅದೂ ಕಂಡಿದೆ ಅತ್ತೆ. ನೀವು ಒಂಚೂರು ಹೊರಗೆ ಹೊಳೆ ನೋಡಿ.”

ತೀರ್ಥಹಳ್ಳಿಯಲ್ಲಿ ಸೇತುವೆಯ ಬಳಿ ಗಾಡಿ ನಿಂತಿತು. ಜಾರುಬಾಗಿಲಿನ ಬೆಲೆ ತಿಳಿಯುವುದು ಇಂಥ ಪೇಟೆಯಲ್ಲಿ. ಪಕ್ಕದಲ್ಲಿ ಎಷ್ಟು ಒತ್ತಾಗಿ ಬೈಕು ನಿಲ್ಲಿಸಿದ್ದರೂ ಬಾಗಿಲು ತಗಲುವ ಭಯವಿಲ್ಲ. ಮಂಡಿನೋವಿನ ಅಜ್ಜಿ ಬಗ್ಗಬೇಕಿಲ್ಲ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು ಕಟ್ಟೆಯಿಂದಿಳಿದಂತೆ ಇಳಿದರು. ನೆಂಟರ ಹೊಸ ಕಾರಿನಲ್ಲಿ ತಗ್ಗಿನ ಸೀಟಿನಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಮನೆಯಿಂದ ತಂದ ಅಕ್ಕಿರೊಟ್ಟಿ, ಚಟ್ನಿ ಖಾಲಿಯಾಯಿತು. ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಗನ ಕೈಗೆ ನಿಂಬೆಹಣ್ಣು ಬಂತು.

ಹದಿನಾಲ್ಕು ತಿರುವು

ಮೇಗರವಳ್ಳಿ ದಾಟಿದ ಮೇಲೆ ಕಾಡು ರಸ್ತೆಯ ಮೇಲೆ ಬಾಗುತ್ತದೆ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಕೂತ ಪುಟ್ಟ ಊರು. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಈ ಗೋಡೆಗೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸಾಮಾನ್ಯ. ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣ ಮಾಡಿದ ದೊಡ್ಡಮನೆ ಇಲ್ಲಿಯೇ ಇದೆ. ಕಾಳಿಂಗಸರ್ಪದ ನಾಡು ಎಂದು ಹೆಸರಾದ ಇಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು.

ಊರು ದಾಟಿದೊಡನೆ ನೆಲ ಕುಸಿದಂತೆ ರಸ್ತೆ ಇಳಿಯತೊಡಗುತ್ತದೆ. ಕೆಳಗಿನ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳು. ರಸ್ತೆ ಕಿರಿದಾದ್ದರಿಂದ ಭಾರಿ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಬಸ್ಸೆಂದರೆ ಮಿನಿ ಬಸ್ಸೇ. ಸೂರ್ಯಾಸ್ತ ನೋಡುವ ಕಟ್ಟೆಯಿಂದ ತಿಳಿಯಾದ ಸಂಜೆಗಳಲ್ಲಿ ಸಮುದ್ರ ಕಾಣುತ್ತದೆ. ಈ ಆಗಸ್ಟ್ ಬೆಳಗಿನಲ್ಲಿ ಕಂಡದ್ದು ಬರೀ ಮಂಜು.

ಮೊದಲ ತಿರುವಿನಲ್ಲಿಯೇ ಓಮ್ನಿ ಪಾಠ ಹೇಳಿತು. ಕಾರಿನಲ್ಲಿ ಚಾಲಕರು ಮುಂದಿನ ಚಕ್ರಗಳ ಹಿಂದೆ ಕೂರುತ್ತಾರೆ. ಓಮ್ನಿಯಲ್ಲಿ ಕೂರುವುದು ಚಕ್ರಗಳ ಮೇಲೆಯೇ. ಕಾರಿನ ಅಭ್ಯಾಸದಲ್ಲಿ ತಿರುಗಿಸಿದರೆ ಬೇಗ ತಿರುಗಿಸಿದಂತಾಗಿ ಹಿಂದಿನ ಚಕ್ರ ಒಳಬದಿಯ ಕಲ್ಲಿಗೆ ಏರುತ್ತದೆ. ಅದು ಏರಿಯೇ ಬಿಟ್ಟಿತು. ಗಾಡಿ ಎಗರಿತು, ಹಿಂದೆ ಟ್ರಂಕು ಗುಡುಗಿತು. ಮಗ ನಿಂಬೆಹಣ್ಣು ಕೆಳಗೆ ಬೀಳಿಸಿದ.

ಪಕ್ಕದಲ್ಲಿದ್ದ ಯಜಮಾನರು ಬೈಯಲಿಲ್ಲ. “ಇನ್ನೊಂದು ಸ್ವಲ್ಪ ಮುಂದಕ್ಕೆ ಹೋಗು. ಇನ್ನು ರಸ್ತೆ ಮುಗೀತು ಅನ್ನಿಸುತ್ತಲ್ಲ, ಆಗ ತಿರುಗಿಸು” ಎಂದರು.

ರಸ್ತೆ ಮುಗಿಯಿತು ಅನ್ನಿಸುವವರೆಗೆ ಹೋಗುವುದಕ್ಕೆ ಧೈರ್ಯ ಬೇಕು. ಎದುರಿಗೆ ಗಾಜು, ಗಾಜಿನಾಚೆ ಮಂಜು, ಮಂಜಿನಾಚೆ ಕಣಿವೆ. ಎರಡನೆಯ ಗೇರಿನಲ್ಲಿ, ಹಾರ್ನ್ ಒತ್ತಿ, ಆಕೆ ಹೋದರು, ತಿರುಗಿಸಿದರು. ಗಾಡಿ ಕುಂಬಾರನ ಚಕ್ರದ ಹಾಗೆ ನಿಂತಲ್ಲೇ ಸುತ್ತಿದಂತೆ ತಿರುಗಿತು. ಮೂರನೆಯದು, ನಾಲ್ಕನೆಯದು. ಏಳನೆಯದರ ಹೊತ್ತಿಗೆ ಅಜ್ಜಿಯ ವೀಕ್ಷಕ ವಿವರಣೆ ನಿಂತಿತ್ತು.

ಘಟ್ಟ ಇಳಿಯುವ ಶಾಸ್ತ್ರ ದೊಡ್ಡದೇನಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಬೇಕಾದಾಗ ಹಿಡಿಯದೆ ಹೋಗಬಹುದು. ಮಂಜಿನಲ್ಲಿ ಹೆಡ್‌ಲೈಟನ್ನು ಡಿಮ್‌ನಲ್ಲಿಯೇ ಇಡಬೇಕು. ಕಿರಿದಾದ ರಸ್ತೆಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು. ಇದು ಮರ್ಯಾದೆಯಷ್ಟೇ ಅಲ್ಲ, ಕಾನೂನು. ಒಂಬತ್ತನೆಯ ತಿರುವಿನಲ್ಲಿ ಮೇಲೇರಿ ಬರುತ್ತಿದ್ದ ಮಿನಿ ಬಸ್ಸಿಗೆ ಆಕೆ ಬದಿಗೆ ನಿಂತು ದಾರಿ ಕೊಟ್ಟರು. ಬಸ್ಸಿನ ಡ್ರೈವರ್ ಕೈಯೆತ್ತಿ ಹೋದ. ಹಳಬ ಹೊಸಬರಿಗೆ ಕೊಡುವ ಸರ್ಟಿಫಿಕೇಟ್ ಅದು!

ಸೋಮೇಶ್ವರದ ತನಿಖಾ ಠಾಣೆಯ ಬಳಿ ಗಾಡಿ ನಿಲ್ಲಿಸಿದಾಗ ಆಕೆಗೆ ಅರಿವಾದದ್ದು ಬೇರೆಯೇ. ಹದಿನಾಲ್ಕು ತಿರುವಿನಲ್ಲಿ ಒಮ್ಮೆಯೂ ಗಾಡಿಯ ಅಂದಚಂದ ನೆನಪಾಗಿರಲಿಲ್ಲ. ನೆನಪಿದ್ದದ್ದು ಹಿಂದೆ ಕೂತ ಮೂರು ತಲೆಗಳು. ಬ್ರೇಕನ್ನು ಎಷ್ಟು ಮೆತ್ತಗೆ ಒತ್ತಿದರೆ ಅಜ್ಜಿ ಮುಂದಕ್ಕೆ ಮುಗ್ಗರಿಸುವುದಿಲ್ಲ, ಎಷ್ಟು ನಿಧಾನ ತಿರುಗಿಸಿದರೆ ಮಗನಿಗೆ ವಾಂತಿಯಾಗುವುದಿಲ್ಲ ಎಂಬುದೇ ಲೆಕ್ಕ. ಕುಟುಂಬದ ಗಾಡಿ ಓಡಿಸುವ ವಿದ್ಯೆಯೆಂದರೆ ಇಷ್ಟೇ. ಕಣ್ಣು ಮುಂದೆ, ಮನಸ್ಸು ಹಿಂದೆ.

ಖಾಲಿಯಾದ ಗಾಡಿ

ಹೆಬ್ರಿ, ಪೆರ್ಡೂರು, ಹಿರಿಯಡ್ಕ, ಮಣಿಪಾಲ ದಾಟಿ ಉಡುಪಿ. ಹಾಸ್ಟೆಲಿನ ಅಂಗಳದಲ್ಲಿ ಹತ್ತಾರು ಕಾರುಗಳು. ಹೊಸ ಕಾರೊಂದರ ಡಿಕ್ಕಿಗೆ ಹಿಡಿಸದ ಹಾಸಿಗೆ ಮೇಲೆ ಕಟ್ಟಲ್ಪಟ್ಟು, ಘಟ್ಟದ ಮಳೆಯಲ್ಲಿ ನೆನೆದು ಇಮ್ಮಡಿ ತೂಕವಾಗಿತ್ತು. ಓಮ್ನಿಯ ಹಿಂಬಾಗಿಲು ಮೇಲಕ್ಕೆದ್ದಿತು. ಟ್ರಂಕು, ಹಾಸಿಗೆ, ಬಕೆಟ್ಟು, ಪುಸ್ತಕದ ರಟ್ಟಿನ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ ಒಂದೊಂದಾಗಿ, ಒಣಗಿದಂತೆಯೇ ಇಳಿದವು. ಮಗಳ ಹೊಸ ಗೆಳತಿಯೊಬ್ಬಳು ಮೂಗರಳಿಸಿ, “ಏನೋ ಬೆಲ್ಲದ ಪರಿಮಳ!” ಎಂದಳು.

ಮಗಳು ನಕ್ಕಳು. “ನಮ್ಮ ಗಾಡಿದು.”

‘ನಮ್ಮ ಗಾಡಿ’ ಎಂಬ ಆ ಮಾತಿನಲ್ಲಿ ಸಂಕೋಚವಿರಲಿಲ್ಲ. ತಾಯಿಯ ಕಿವಿಗೆ ಅದು ಬಿತ್ತು.

ಪ್ರೀತಿ ಬಂತೆಂದು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ಮೂತಿಯಿಲ್ಲದ್ದು ಜಾಗಕ್ಕೆ ಅನುಕೂಲ, ಡಿಕ್ಕಿಯಾದರೆ ಅದೇ ಅಪಾಯ. ಪೆಟ್ಟು ನುಂಗಲು ಮುಂದೆ ಏನೂ ಇಲ್ಲ. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದುವಂತಿರಲಿಲ್ಲವಾದ್ದರಿಂದಲೇ 2019ರಲ್ಲಿ, ಸುಮಾರು 35 ವರ್ಷ ತಯಾರಾದ ಮೇಲೆ, ಓಮ್ನಿಯ ಉತ್ಪಾದನೆ ನಿಂತಿತು. ಈಗ ಓಡುತ್ತಿರುವವೆಲ್ಲ ಹಳೆಯವು. ನೋಂದಣಿಯಾಗಿ 15 ವರ್ಷ ದಾಟಿದ ಖಾಸಗಿ ವಾಹನವನ್ನು ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬೇಕು. ಅಂಥ ಗಾಡಿಯಿರುವ ತಂದೆತಾಯಿಯರು ಮೂರು ಮಾತು ಮರೆಯಬಾರದು. ಆಸನಕ್ಕಿಂತ ಒಬ್ಬರೂ ಹೆಚ್ಚು ಬೇಡ. ಅಡುಗೆ ಅನಿಲದ ಸಿಲಿಂಡರನ್ನು ಇಂಧನವಾಗಿ ಬಳಸುವುದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಹಿಂದೆ ಕೂರುವವರೂ ಸೀಟ್ ಬೆಲ್ಟ್ ಹಾಕಿಕೊಳ್ಳಬೇಕು. 2019ರ ತಿದ್ದುಪಡಿಯ ಪ್ರಕಾರ ಬೆಲ್ಟ್ ಇಲ್ಲದಿದ್ದರೆ ಒಂದು ಸಾವಿರ ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕೂರಿಸಿದ್ದರೂ ದಂಡ ಕಟ್ಟಬೇಕು. ಮಗು ಬೆಲ್ಟ್ ಹಾಕಿಕೊಳ್ಳುವುದನ್ನು ಕಲಿಯುವುದು ದಂಡದ ಭಯದಿಂದಲ್ಲ, ಮುಂದೆ ಕೂತ ಅಪ್ಪ ಅಮ್ಮನನ್ನು ನೋಡಿ.

ಉಡುಪಿಯಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಕಳೆದು ಮರುದಿನ ಹೊರಟಾಗ ಗಾಡಿ ಹಗುರಾಗಿತ್ತು. ಸಾಮಾನಿಲ್ಲದ ಹಿಂಬದಿ ಪ್ರತಿ ಹೊಂಡಕ್ಕೂ ಕುಪ್ಪಳಿಸುತ್ತಿತ್ತು. ಕನ್ನಡಿಯಲ್ಲಿ ಅಜ್ಜಿ, ಮಗ, ನಡುವೆ ಒಬ್ಬರಷ್ಟು ಜಾಗ. ಆ ಜಾಗಕ್ಕೆ ಯಾರೂ ಸರಿದು ಕೂರಲಿಲ್ಲ. ಸೋಮೇಶ್ವರದಲ್ಲಿ ಯಜಮಾನರು, “ಇನ್ನು ಎರಡು ವರ್ಷ ಕಳೀಲಿ, ನಿನಗೆ ಬೇಕಾದ ಕಾರು ನೋಡೋಣ” ಎಂದರು.

“ನೋಡೋಣಂತೆ. ದೀಪಾವಳಿಗೆ ಅವಳನ್ನು ಕರ್ಕೊಂಡು ಬರೋದಕ್ಕೆ ಇದೇ ಇರಲಿ. ನಾನೇ ಬರ್ತೀನಿ” ಎಂದರು ಆಕೆ.

ಘಟ್ಟ ಏರತೊಡಗಿತು. ಮಂಜು ಸ್ವಲ್ಪ ಸರಿದಿತ್ತು. ಐದನೆಯ ತಿರುವಿನಲ್ಲಿ, ಮೇಲಿನಿಂದ ಇಳಿದು ಬರುತ್ತಿದ್ದ ದೊಡ್ಡ ಮೂತಿಯ ಹೊಸ ಕಾರೊಂದು, ಸಣ್ಣ ಬಿಳಿ ವ್ಯಾನು ಏರಿ ಬರುವುದನ್ನು ಕಂಡು ಬದಿಗೆ ಸರಿದು ನಿಂತಿತು. ಎರಡನೆಯ ಗೇರಿನಲ್ಲಿ ಓಮ್ನಿ ಅದರ ಪಕ್ಕದಲ್ಲಿ ಹಾದುಹೋಯಿತು. ಆಕೆ ಕೈಯೆತ್ತಿದರು.