ಮೀಟಿಂಗಿಗೆ ಹೊರಟವರು

ಈಗಷ್ಟೇ ಇಸಳೂರಿನ ಬಸ್‌ಸ್ಟಾಪಿನಲ್ಲಿ ಪರಿಚಯದವರೊಬ್ಬರು ಸಿಕ್ಕಿದ್ರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖಾಲಿ ಚೀಲ. 'ಶಿರಸಿಗಾ?' ಅಂದೆ. 'ಹೌದು, ಪೇಟೆ ಕೆಲಸ' ಅಂದವರು ಬಸ್ಸು ಕಾಣಿಸಿದ ಮೇಲೆ ಮೆಲ್ಲಗೆ ಹೇಳಿದ್ರು: 'ಮೀಟಿಂಗಿಗೆ. ಬಿಟ್ಟು ಐದು ತಿಂಗಳಾಯ್ತು.' ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಲೇ ಇದ್ರು.

ಕುಡಿಯೋಕೆ ಹೋಗುವಾಗ ಇವರು ಯಾರಿಗೂ ನೆಪ ಹೇಳಿದ್ದು ನೆನಪಿಲ್ಲ. ಬಿಡೋಕೆ ಹೋಗುವಾಗ ಹೇಳಬೇಕಾಗಿ ಬಂತಲ್ಲ ಅಂತ ತುಂಬಾ ಬೇಜಾರಾಯ್ತು.

ಕುಡಿತ ಬಿಡೋರಿಗಾಗಿ ಇಂಥ ಮೀಟಿಂಗ್ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಅಕ್ರಾನಿನಲ್ಲಿ ಶುರುವಾಗಿದ್ದು. ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. ಆದರೆ ನಮ್ಮ ಕಡೆ ಹೆಸರು ಮುಚ್ಚಿಡೋದು ಹೇಗೆ? ಕಂಡಕ್ಟರಿಗೂ ನಮ್ಮ ಮನೆ ಗೊತ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗಳಿಗೆ ಒಗ್ಗಿದ್ದು ಅದಕ್ಕೇ ಇರಬೇಕು. ಎಂಟು ದಿನ, ಊರೆದುರೇ, ಮನೆಯವರೂ ಬರ್ತಾರೆ. ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ. ನನ್ನ ಪ್ರಕಾರ ಶಿಬಿರಕ್ಕಿಂತ ಈ ಸಮಿತಿಯೇ ದೊಡ್ಡದು. ಒಂಬತ್ತನೇ ದಿನ ಮನೆಗೆ ಬಂದವನಿಗೆ ಮೊದಲು ಎದುರಾಗೋದು ಹಳೇ ಗೆಳೆಯರು, ಹಳೇ ಸಂಜೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥ ಸಭೆ ಎಲ್ಲಿ, ಯಾವ ವಾರ ನಡೆಯುತ್ತೆ ಗೊತ್ತಿದ್ದರೆ ದಯವಿಟ್ಟು ಕೆಳಗೆ ಬರೀರಿ. ಹೋಗುವವರ ಹೆಸರು ಮಾತ್ರ ಬೇಡ. ಏನೂ ಗೊತ್ತಾಗದವರು 14446ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ ಅದು.