ಏಳು ಜನರ ಪಡಖಾನೆ

ಹುಲಿಕೆರೆಯ ಹೆಂಗಸೊಬ್ಬಳು ಪಡಖಾನೆಯೊಳಗೆ ಹೋಗಿ ರಾತ್ರಿ ಹತ್ತರವರೆಗೆ ಕೂತು ಬಂದಳು ಎಂದರೆ ನಮ್ಮೂರಿನ ಕಟ್ಟೆಯ ಮೇಲೆ ಏನು ಮಾತಾದೀತು ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಜಪಾನಿಗೆ ಹೋಗಿ ಬಂದವರು ಬರೆಯುವ ಬುಲೆಟ್ ರೈಲು, ಫುಜಿ ಬೆಟ್ಟ, ಕ್ಯೋಟೊದ ಗುಡಿಗಳು ಎಲ್ಲವನ್ನೂ ನಾನೂ ನೋಡಿದೆ. ಕ್ಯೋಟೊದಲ್ಲಿ ಜನರ ನೂಕುನುಗ್ಗಲಿಗೆ ನಿಂತು ಕೈಮುಗಿಯಲೂ ಆಗಲಿಲ್ಲ, ಫುಜಿ ಮೋಡದೊಳಗೇ ಇತ್ತು, ನಾರಾದಲ್ಲಿ ಜಿಂಕೆಗಳು ಮೊಮ್ಮಗನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡು ತಿಂದವು. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಊರಿಗೆ ಬಂದ ಮೇಲೂ ನನ್ನನ್ನು ಬಿಡದೆ ಹಿಡಿದುಕೊಂಡಿರುವುದು ಟೋಕಿಯೋದ ಮೊಂಜೆನ್ ನಕಾಚೊ ಎಂಬ ಪೇಟೆಯ ಗಲ್ಲಿಯೊಂದರಲ್ಲಿ, ಏಳು ಜನ ಕೂತರೆ ಎಂಟನೆಯವರಿಗೆ ಜಾಗವಿಲ್ಲದ, ಸಾಕೆ ಎಂಬ ಅಕ್ಕಿಮದ್ಯದ ಒಂದು ಅಂಗಡಿ.

ಮಗಳ ಮನೆ ಇರುವುದು ನಿಶಿ ಕಸಾಯ್‌ನಲ್ಲಿ. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸಕ್ಕೆಂದು ಬಂದ ನಮ್ಮ ದೇಶದವರು ಅಲ್ಲೇ ನೆಲೆನಿಂತಿದ್ದರಿಂದ ಈಗ ಕರಿಬೇವು, ತೊಗರಿಬೇಳೆ ಎಲ್ಲವೂ ಮೂಲೆಯಂಗಡಿಯಲ್ಲಿ ಸಿಗುತ್ತವೆ. ಅಲ್ಲಿಂದ ತೊಜಾಯ್ ಮಾರ್ಗದ ರೈಲು ಹತ್ತಿದರೆ, ಅದು ಅರಕಾವಾ ನದಿಯ ಸೇತುವೆ ದಾಟಿ ನೆಲದೊಳಕ್ಕೆ ಇಳಿಯುತ್ತದೆ. ಕೆಲವೇ ನಿಲ್ದಾಣ ಕಳೆದರೆ ಮೊಂಜೆನ್ ನಕಾಚೊ. ಅಲ್ಲಿ ಫುಕಾಗಾವಾ ಫುದೋ-ದೊ ಎಂಬ ಬೌದ್ಧ ಗುಡಿಯಿದೆ. ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದು ಆ ಗುಡಿಗೆ. ದೊಡ್ಡ ನಗಾರಿಗಳ ಸದ್ದಿನ ನಡುವೆ ಪುರೋಹಿತರು ಅಗ್ನಿಕುಂಡಕ್ಕೆ ಸಮಿತ್ತು ಹಾಕಿ ಹೋಮ ಮಾಡುತ್ತಿದ್ದರು. ನಮ್ಮಲ್ಲಿಂದ ಚೀನಾಕ್ಕೆ ಹೋಗಿ, ಅಲ್ಲಿಂದ ಕಡಲು ದಾಟಿ ಬಂದ ಬೆಂಕಿ ಅದು. ಅದರ ಮುಂದೆ ಕೂತು ಕಣ್ಣು ತುಂಬಿ ಬಂತು. ಹೊರಗೆ ಬಂದಾಗ ಕತ್ತಲಾಗಿತ್ತು, ಚಳಿಯಿತ್ತು. ಹತ್ತಿರದಲ್ಲೇ ತಾತ್ಸುಮಿ ಶಿಂದೊ ಎಂಬ ಓಣಿಯಲ್ಲಿ ಇಕ್ಕೆಲದಲ್ಲೂ ಅಂಗೈಯಗಲದ ಅಂಗಡಿಗಳ ದೀಪಗಳು ಹತ್ತಿಕೊಂಡಿದ್ದವು. ಅದನ್ನು ದಾಟಿ ಇನ್ನೊಂದು ಗಲ್ಲಿಯ ತಿರುವಿನಲ್ಲಿ ಮಗಳು ನಿಂತಳು. ‘ಅಮ್ಮ, ನಾನು ವಾರಕ್ಕೊಮ್ಮೆ ಇಲ್ಲಿಗೆ ಬರ್ತೀನಿ. ನೀನು ಬೈಯೋದಿದ್ರೆ ಒಳಗೆ ಬಂದು ನೋಡಿ ಆಮೇಲೆ ಬೈ’ ಅಂದಳು.

ನಾನು ಹಳೇಬೀಡಿನ ಕಡೆಯ ಶಾಲೆಗಳಲ್ಲಿ ಕನ್ನಡ ಹೇಳಿಕೊಟ್ಟವಳು. ರಾಜರತ್ನಂ ಅವರ ರತ್ನನ ಪದಗಳನ್ನು ಮಕ್ಕಳು ಕುಣಿದಾಡುತ್ತಾ ಹೇಳುವಾಗ, ಅದೇ ಮಕ್ಕಳಲ್ಲಿ ಯಾರ ಮನೆಯಲ್ಲಿ ಹಿಂದಿನ ರಾತ್ರಿ ಪಾತ್ರೆ ಹಾರಿದೆ ಎಂದು ನನಗೆ ಗೊತ್ತಿರುತ್ತಿತ್ತು. ಕೂಲಿ ಕೊಡುವ ದಿನದ ಮಾರನೆಯ ದಿನ ಬುತ್ತಿ ತಾರದ ಮಕ್ಕಳನ್ನು ಎಣಿಸಿದರೆ ಸಾಕು, ಊರಿನ ಕುಡಿತದ ಲೆಕ್ಕ ಸಿಗುತ್ತಿತ್ತು. ಆ ಲೆಕ್ಕ ಇಟ್ಟುಕೊಂಡೇ ನಾನು ಬಾಗಿಲಿನ ನೀಲಿ ಬಟ್ಟೆಯ ಪರದೆ ಸರಿಸಿ ತಲೆ ಬಗ್ಗಿಸಿ ಒಳಗೆ ಹೋದದ್ದು.

ಒಳಗೆ ಒಂದೇ ಉದ್ದನೆಯ ಮರದ ಹಲಗೆ, ಈಚೆ ಏಳು ಸ್ಟೂಲು, ಆಚೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಅಡುಗೆ ಅವರದೇ, ಬಡಿಸುವುದು ಅವರೇ, ತೊಳೆಯುವುದೂ ಅವರೇ. ಹಿಂದಿನ ಗೋಡೆಗೆ ಒಂದೂ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಎತ್ತರದ ಬಾಟಲಿಗಳು. ಕೂತ ಕೂಡಲೇ ಕೈ ಒರೆಸಿಕೊಳ್ಳಲು ಬಿಸಿ ಬಟ್ಟೆ ಬಂತು, ಅದರ ಹಿಂದೆಯೇ ಒಂದು ದೊಡ್ಡ ಲೋಟ ನೀರು. ಕುಡಿದಷ್ಟೇ ನೀರನ್ನೂ ಕುಡಿಯಬೇಕು, ಅದು ಅಲ್ಲಿನ ನಿಯಮ. ಆಮೇಲೆ ನಾವು ಕೇಳದೆಯೇ ಒಂದು ಪುಟ್ಟ ಬಟ್ಟಲಲ್ಲಿ ಎಳ್ಳುಪುಡಿ ಹಾಕಿ ಕಲಸಿದ ಸೊಪ್ಪು ಬಂತು. ಇದಕ್ಕೂ ಬಿಲ್ಲು ಹಾಕುತ್ತಾರೆ ಎಂದು ಮಗಳು ಪಿಸುಗುಟ್ಟಿದಾಗ ನನಗೆ ಸಿಟ್ಟೇ ಬಂತು. ಕೇಳದ್ದಕ್ಕೆ ದುಡ್ಡು ವಸೂಲು ಮಾಡುವುದು ಯಾವ ದೇಶದ ಮರ್ಯಾದೆಯಾದರೂ ನನಗೆ ಸರಿಕಾಣದು, ಈಗಲೂ ಸರಿಕಾಣುವುದಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಯಾರೂ ಕುಡಿಯಬಾರದು ಎಂಬ ಕಾಳಜಿಯೂ ಅದರಲ್ಲಿದೆ ಎಂದು ಆ ರಾತ್ರಿ ಮುಗಿಯುವಷ್ಟರಲ್ಲಿ ಕಂಡುಕೊಂಡೆ. ಮುಂದೆ ಬಂದದ್ದು ಅಕ್ಕಿಯ ತೌಡಿನಲ್ಲಿ ಹುದುಗಿಸಿಟ್ಟ ಮೂಲಂಗಿ. ನಾವು ಹಸುವಿಗೆ ಕಲಸಿಡುವ ತೌಡು! ಕರುಮ್ ಎಂದು ಕಡಿದರೆ ಹುಳಿ, ಉಪ್ಪು, ಒಳಗೆಲ್ಲೋ ಗದ್ದೆಯ ವಾಸನೆ.

ಮಗಳು ನನ್ನ ಊರಿನ ಹೆಸರು ಹೇಳಿದಳು. ಆ ಅಜ್ಜಿ ಮೊದಲು ಕೇಳಿದ ಪ್ರಶ್ನೆ: ‘ನಿಮ್ಮೂರಿನ ನೀರು ಹೇಗಿದೆ?’

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಹುಲಿಕೆರೆ ಎಂದರೆ ತಿಳಿದವರು ಕೇಳುವುದು ಕಲ್ಯಾಣಿಯ ಬಗ್ಗೆ. ಒಂದನೇ ನರಸಿಂಹನ ಕಾಲದಲ್ಲಿ, 12ನೇ ಶತಮಾನದಲ್ಲಿ ಕಟ್ಟಿದ ಪುಷ್ಕರಿಣಿ. ಇಳಿಯುವ ಮೆಟ್ಟಿಲುಗಳ ಸುತ್ತ ಪುಟ್ಟ ಪುಟ್ಟ ಗುಡಿಗಳು. ಹಳೇಬೀಡಿಗೆ ಬರುವ ಬಸ್ಸುಗಳಲ್ಲಿ ನೂರಕ್ಕೊಂದೂ ಅಲ್ಲಿಗೆ ತಿರುಗುವುದಿಲ್ಲ. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬೆರಳಿನಿಂದ ಹಿಗ್ಗಿಸಿ ಒಂದೊಂದು ಗುಡಿಯನ್ನೂ ನೋಡಿದರು. ‘ನೀರಿಗೆ ಇಷ್ಟು ದೊಡ್ಡ ದೇವಸ್ಥಾನ’ ಅಂದರು. ಆ ನೀರನ್ನು ಈಗ ನಾವು ಕುಡಿಯುವುದಿಲ್ಲ, ಮನೆಗೆ ಬರುವುದು ಕೊಳವೆಬಾವಿಯ ನೀರು, ಅರಸೀಕೆರೆ ಕಡೆಯ ಬಾವಿಗಳಲ್ಲಿ ಫ್ಲೋರೈಡು ಹೆಚ್ಚಿ ಮಕ್ಕಳ ಹಲ್ಲು ಕಂದಿವೆ, ರಣಘಟ್ಟದಿಂದ ಯಗಚಿ ನೀರು ತರಲು ನಮ್ಮ ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತರು ಎಂದು ಹೇಳಿದೆ. ಮಗಳು ಅಷ್ಟನ್ನೂ ಅನುವಾದಿಸಿದಳು. ಪಕ್ಕದಲ್ಲಿ ಕೂತಿದ್ದ ನಿವೃತ್ತ ಮುದುಕರೊಬ್ಬರು ಬಟ್ಟಲು ಕೆಳಗಿಟ್ಟು ಕೇಳುತ್ತಿದ್ದರು.

ಅವರೇ ನನಗೆ ನಾದಾದ ಬಾವಿಯ ಕಥೆ ಹೇಳಿದ್ದು. ಯಮಮುರ ತಝಾಎಮೊನ್ ಎಂಬಾತ ಎರಡು ಊರುಗಳಲ್ಲಿ ಸಾಕೆ ಮಾಡಿಸುತ್ತಿದ್ದ. ಒಂದೂರಿನದು ಯಾವಾಗಲೂ ಇನ್ನೊಂದಕ್ಕಿಂತ ರುಚಿ. ಕೆಲಸದವರನ್ನು ಅದಲು ಬದಲು ಮಾಡಿದ, ಅಕ್ಕಿ ಬದಲಿಸಿದ, ಏನೂ ಆಗಲಿಲ್ಲ. ಕೊನೆಗೆ 1840ರಲ್ಲಿ ನಿಶಿನೊಮಿಯಾದ ಬಾವಿಯ ನೀರನ್ನೇ ಪೀಪಾಯಿಗಳಲ್ಲಿ ಹೊರಿಸಿ ತರಿಸಿ ನೋಡಿದ. ರುಚಿ ಸರಿಹೋಯಿತು. ಕಬ್ಬಿಣದ ಅಂಶ ಬಹಳ ಕಡಿಮೆ, ಹುಳಿಯುವುದಕ್ಕೆ ಬೇಕಾದ ಲವಣಗಳು ಹೆಚ್ಚು ಇರುವ ನೀರು ಅದು. ಆ ಬಾವಿಗಳನ್ನು ಇವತ್ತಿಗೂ ಜೋಪಾನ ಮಾಡುತ್ತಾರೆ. ಕುಡುಕರಿಗಾಗಿ ಬಾವಿ ಕಾಯುವ ದೇಶ ಎಂದು ಒಂದು ಕಾಲದಲ್ಲಿ ನಾನು ಹಳಿಯುತ್ತಿದ್ದೆನೇನೋ. ಅಲ್ಲಿ ಕೂತಾಗ ಮಾತ್ರ, ಯಾವ ನೆವದಿಂದಲಾದರೂ ಸರಿ, ಬಾವಿಯೊಂದು ಉಳಿಯಿತಲ್ಲ ಎನ್ನಿಸಿತು.

ಅಜ್ಜಿ ಒಂದು ಪಿಂಗಾಣಿ ಹೂಜಿಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ತಳವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಹದವಾದ ಮೇಲೆ ನಮ್ಮ ಮುಂದಿಟ್ಟರು. ನಮ್ಮ ಬಟ್ಟಲಿಗೆ ನಾವೇ ಸುರಿದುಕೊಳ್ಳುವಂತಿಲ್ಲ; ಪಕ್ಕದವರಿಗೆ ನಾವು, ನಮಗೆ ಪಕ್ಕದವರು. ನನಗೆ ಸುರಿದದ್ದು ಆ ಮುದುಕರು. ಜೀವನದಲ್ಲಿ ಮೊದಲ ಬಾರಿ ಮದ್ಯ ಬಾಯಿಗಿಟ್ಟೆ. ಬಿಸಿಯನ್ನಕ್ಕೆ ಹಾಲು ಹಾಕಿ ಮುಚ್ಚಿಟ್ಟು ತೆಗೆದಾಗ ಬರುವಂಥ ಪರಿಮಳ, ಆಮೇಲೆ ಗಂಟಲಲ್ಲಿ ಸಣ್ಣಗೆ ಬೆಚ್ಚನೆಯ ಗೆರೆ. ಓಮಾಚಿ ಅಕ್ಕಿಯದು ಎಂದರು ಅಜ್ಜಿ. 1859ರಲ್ಲಿ ಒಕಾಯಾಮಾ ಕಡೆಯ ರೈತನೊಬ್ಬನ ಕಣ್ಣಿಗೆ ಬಿದ್ದು ಬೆಳೆದುಬಂದ ತಳಿ. ಅದು ಬೆಳೆದ ಹಳ್ಳಿಯ ಹೆಸರೇ ಅದಕ್ಕೆ ಉಳಿದಿದೆ. ಎತ್ತರಕ್ಕೆ ಬೆಳೆದು ಗಾಳಿಗೆ ಬೀಳುತ್ತದೆ, ಇಳುವರಿ ಕಡಿಮೆ, ನಡುವೆ ಕಾಣೆಯಾಗುವ ಹಂತಕ್ಕೂ ಬಂದಿತ್ತಂತೆ. ಕೇಳುತ್ತಾ ಕೇಳುತ್ತಾ ನಮ್ಮ ಹಾಸನದ ರಾಜಮುಡಿ ಕಣ್ಣ ಮುಂದೆ ಬಂತು. ಮೈಸೂರು ಅರಸರಿಗೆ ಕಂದಾಯವಾಗಿ ಹೋಗುತ್ತಿದ್ದ ಕೆಂಪಕ್ಕಿ. ನಮ್ಮ ಮಾವನವರ ಕಾಲದಲ್ಲಿ ಕೆರೆ ಕೆಳಗಿನ ಗದ್ದೆಯಲ್ಲಿತ್ತು. ನಮ್ಮ ಕಾಲಕ್ಕೆ ಆ ಗದ್ದೆಯಲ್ಲಿ ಶುಂಠಿ, ಜೋಳ.

ಅಕ್ಕಿಯನ್ನು ಅವರು ಉಜ್ಜುವ ಪರಿಯೇ ಬೇರೆ. ಮೇಲಿನ ಪದರದಲ್ಲಿರುವ ಜಿಡ್ಡು, ಪ್ರೋಟೀನಿನ ಅಂಶ ರುಚಿ ಕೆಡಿಸುತ್ತದೆಂದು ಉಜ್ಜುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ಮೇಲಿನ ದರ್ಜೆಯ ಸಾಕೆಗೆ ಕಾಳಿನ ಅರ್ಧಕ್ಕಿಂತ ಹೆಚ್ಚು ಉಳಿಸುವುದಿಲ್ಲ. ಆಮೇಲೆ ತೊಳೆದು, ನೆನೆಸಿ, ಹಬೆಯಲ್ಲಿ ಬೇಯಿಸಿ, ಅದರಲ್ಲಿ ಒಂದು ಪಾಲಿಗೆ ಕೋಜಿ ಎಂಬ ಬೂಷ್ಟಿನ ಪುಡಿ ಉದುರಿಸಿ ಬೆಚ್ಚನೆಯ ಕೋಣೆಯಲ್ಲಿ ಎರಡು ದಿನ ಕಾಯುತ್ತಾರೆ. ಬೂಷ್ಟು ಅಕ್ಕಿಯ ಹಿಟ್ಟಿನಂಶವನ್ನು ಸಕ್ಕರೆ ಮಾಡುತ್ತದೆ, ಅದೇ ಪೀಪಾಯಿಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಜೀವ ಆ ಸಕ್ಕರೆಯನ್ನು ಹುಳಿಯಿಸುತ್ತದೆ. ಇದೆಲ್ಲ ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿ. ಹಿಂದೆ ಗದ್ದೆಗೆ ಹಿಮ ಬಿದ್ದ ಮೇಲೆ ರೈತರೇ ಗುಂಪು ಕಟ್ಟಿಕೊಂಡು ಸಾಕೆಮನೆಗಳಿಗೆ ಹೋಗಿ, ವಸಂತದವರೆಗೆ ದುಡಿದು, ನಾಟಿಯ ಹೊತ್ತಿಗೆ ಊರು ಸೇರುತ್ತಿದ್ದರು. ಗುಂಪಿನ ಯಜಮಾನನಿಗೆ ತೋಜಿ ಎನ್ನುತ್ತಾರೆ. ಶತಮಾನಗಳ ಕಾಲ ಆ ಮನೆಗಳೊಳಗೆ ಹೆಂಗಸರನ್ನು ಬಿಟ್ಟುಕೊಳ್ಳಲಿಲ್ಲ. ಈಗ ಹೆಂಗಸರೂ ತೋಜಿಗಳಾಗಿದ್ದಾರೆ. ನಮ್ಮ ಎರಡನೆಯ ಹೂಜಿ ಅಂಥವರೊಬ್ಬರ ಕೈಯದು ಎಂದು ಅಜ್ಜಿ ಹೆಮ್ಮೆಯಿಂದ ಬಾಟಲಿಯನ್ನು ನನ್ನತ್ತ ತಿರುಗಿಸಿದರು.

ಗೋಡೆಗೆ ಒಂದು ಪತ್ರಿಕೆಯ ತುಣುಕು ಅಂಟಿಸಿದ್ದರು. ಸಾಕೆ ಮಾಡುವ ಸಾಂಪ್ರದಾಯಿಕ ವಿದ್ಯೆಯನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ ಸುದ್ದಿ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳೂ ಯುನೆಸ್ಕೊ ಪಟ್ಟಿಗೆ ಸೇರಿದವು ಎಂದೆ. ಸಾಕೆ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚು ಕುಡಿಯುತ್ತಾರಾ ಎಂದು ಕೇಳಿದ್ದಕ್ಕೆ ಮುದುಕರು ಇಲ್ಲವೆಂದು ತಲೆಯಾಡಿಸಿದರು. 1973ರಲ್ಲಿ ಜಪಾನಿನವರು ಕುಡಿಯುತ್ತಿದ್ದ ಸಾಕೆಯ ಸುಮಾರು ಕಾಲುಭಾಗವನ್ನಷ್ಟೇ ಈಗ ಕುಡಿಯುತ್ತಾರಂತೆ. ಸಾಕೆಮನೆಗಳು ಒಂದೊಂದಾಗಿ ಮುಚ್ಚುತ್ತಿವೆ.

ಆ ಹೂಜಿಯಲ್ಲಿ ಹಿಡಿಯುವುದು 180 ಮಿಲಿಲೀಟರು. ಅದು ಅವರ ಹಳೆಯ ಅಳತೆ. ಕೇಳಿದ ಕೂಡಲೇ ನನ್ನ ಎದೆ ಧಸಕ್ ಎಂದಿತು. ನಮ್ಮ ಕ್ವಾರ್ಟರ್ ಬಾಟಲಿಯೂ ಅಷ್ಟೇ. ಅದೇ 180ನ್ನು ಇಲ್ಲಿ ನಾನೂ ಮಗಳೂ ಮೂಲಂಗಿ ಕಡಿಯುತ್ತಾ, ನೀರು ಕುಡಿಯುತ್ತಾ, ಊರಿನ ಮಾತಾಡುತ್ತಾ ಒಂದು ತಾಸು ಹಂಚಿಕೊಂಡೆವು. ಸಾಕೆಯಲ್ಲಿರುವ ಮದ್ಯದಂಶ ನೂರಕ್ಕೆ ಹದಿನೈದು, ಹದಿನಾರು. ನಮ್ಮ ಕ್ವಾರ್ಟರಿನಲ್ಲಿ 42.8. ಅದನ್ನು ನಮ್ಮೂರ ಗಂಡಸು ಎಂಆರ್‌ಪಿ ಅಂಗಡಿಯ ಜಾಲರಿ ಕಿಂಡಿಯಿಂದ ಈಸಿಕೊಂಡು, ಗೋಡೆಯ ಮಗ್ಗುಲಿಗೆ ಸರಿದು, ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿ, ಯಾರಾದರೂ ನೋಡುವ ಮುಂಚೆ ನಿಂತಲ್ಲೇ ಮುಗಿಸುತ್ತಾನೆ. ಕೊಟ್ಟವನು ಅವನ ಮುಖ ನೋಡಿರುವುದಿಲ್ಲ. ಅದರೊಳಗಿನ ನೀರು ಯಾವ ಊರಿನದು, ಯಾರು ಮಾಡಿದರು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು ಎಂದು ನಾವೆಲ್ಲ ಹಿಗ್ಗಿದೆವು. ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಆ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಲ್ಲಿಸಿ ಎಂದು ನಡೆದುಕೊಂಡು ಹೋದರು. ಬಜೆಟ್ಟಿನಲ್ಲಿ ಅಬಕಾರಿಯ ಗುರಿ ಇಳಿಯಲಿಲ್ಲ. ಸರ್ಕಾರಗಳ ಹಸಿವು ಎಲ್ಲ ಕಡೆಯೂ ಒಂದೇ: 1899ರಲ್ಲಿ ಜಪಾನಿನ ಸರ್ಕಾರ ರೈತರು ಮನೆಯಲ್ಲಿ ಅಕ್ಕಿಮದ್ಯ ಮಾಡಿಕೊಳ್ಳುವುದನ್ನು ನಿಷೇಧಿಸಿದ್ದೂ ತೆರಿಗೆಗಾಗಿಯೇ.

ಒಂಬತ್ತು ಗಂಟೆಯ ಹೊತ್ತಿಗೆ ಕೋಟು ತೊಟ್ಟ ಒಬ್ಬಾತ ಪರದೆ ಸರಿಸಿ ಒಳಗೆ ಬಂದ. ಆಗಲೇ ಬೇರೆಲ್ಲೋ ಕುಡಿದಿದ್ದ, ಕಣ್ಣು ಕೆಂಪಾಗಿತ್ತು. ಅಜ್ಜಿ ಅವನನ್ನು ಕೂರಿಸಿದರು. ಹೂಜಿ ಇಡಲಿಲ್ಲ. ಒಂದು ಬಟ್ಟಲು ಅನ್ನಕ್ಕೆ ಬಿಸಿ ಚಹಾ ಹೊಯ್ದು, ಮೇಲೊಂದು ಉಪ್ಪಿನ ಹಣ್ಣಿಟ್ಟು ಮುಂದೆ ತಳ್ಳಿದರು. ಅವನು ಗೊಣಗಿದ. ಅಜ್ಜಿ ಒಂದೇ ಮಾತು ಹೇಳಿದರು. ಅವನು ತಲೆ ತಗ್ಗಿಸಿ ಅಷ್ಟನ್ನೂ ಉಂಡು, ದುಡ್ಡಿಟ್ಟು, ಬಗ್ಗಿ ನಮಸ್ಕರಿಸಿ ಎದ್ದುಹೋದ. ಏನು ಹೇಳಿದರು ಎಂದು ಮಗಳನ್ನು ಕೇಳಿದೆ. ‘ಇವತ್ತಿಗೆ ಸಾಕು, ಮನೇಲಿ ಮಗು ಕಾಯ್ತಾ ಇದೆ ಅಂದ್ರು.’

ಬಸವಣ್ಣನವರ ಕಾಲದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ. ಹೆಂಡ ಮಾರುವುದೇ ಅವನ ಕಾಯಕ, ವಚನಗಳನ್ನೂ ಬರೆದ. ತರಗತಿಯಲ್ಲಿ ಅವನ ಹೆಸರು ಬಂದಾಗಲೆಲ್ಲ ಮಕ್ಕಳು ನಗುತ್ತಿದ್ದರು, ನಾನು ಬೇಗ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ನಮ್ಮ ಹುಲಿಕೆರೆಯ ಕಲ್ಯಾಣಿಯ ಕಲ್ಲು ಕಡೆಯುತ್ತಿದ್ದ ಅದೇ ಶತಮಾನದಲ್ಲಿ, ಹೆಂಡ ಮಾರುವವನೂ ಕುಡಿಯುವವನಿಗೆ ಹೊಣೆ ಎಂದು ಬಗೆದ ಜನ ಈ ನೆಲದಲ್ಲಿದ್ದರು. ಆ ಹಲಗೆಯ ಈಚೆ ಕೂತು ಅವನನ್ನು ಮೊದಲ ಬಾರಿಗೆ ಕಂಡಂತಾಯಿತು.

ಏಳುವ ಮುಂಚೆ ಅಜ್ಜಿಗೆ ಒಂದು ಪ್ರಶ್ನೆ ಕೇಳಿಸಿದೆ. ಇಷ್ಟು ಜನ ಹುಡುಕಿಕೊಂಡು ಬರುತ್ತಾರೆ, ಅಂಗಡಿಯನ್ನು ಯಾಕೆ ದೊಡ್ಡದು ಮಾಡಲಿಲ್ಲ? ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ಯಾರು ಎಷ್ಟು ಕುಡಿದಿದ್ದಾರೆ ಅಂತ ನನ್ನ ಕಣ್ಣಿಗೆ ಕಾಣಬೇಕು. ಏಳು ಜನರಾದರೆ ಕಾಣುತ್ತೆ.’

ಇಬ್ಬರದೂ ಸೇರಿ ಆರು ಸಾವಿರ ಯೆನ್‌ಗೂ ಮೇಲಾಯಿತು. ನಮ್ಮೂರಿನಲ್ಲಿ ಆಳೊಬ್ಬನ ವಾರದ ಕೂಲಿಗೆ ಸಮ. ದುಬಾರಿ ಎಂದು ಮಗಳಿಗೆ ಹೇಳಿದೆ, ಅಗ್ಗವಾಗಿರುವುದೇ ನಮ್ಮೂರಿನ ಕೇಡು ಎಂದೂ ಹೇಳಿದೆ. ಬೈಯಲಿಲ್ಲ.

ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಹುಡುಗ ಟೈ ಸಡಿಲಿಸಿಕೊಂಡು ಮೈಮರೆತು ಬಿದ್ದಿದ್ದ. ಚೀಲ ಒಂದು ಕಡೆ, ಒಂದು ಬೂಟು ಇನ್ನೊಂದು ಕಡೆ. ಜನ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಕೊನೆಗೆ ಅಲ್ಲಿನ ಸಿಬ್ಬಂದಿಯೊಬ್ಬ ಬಂದು ಹೆಗಲು ಅಲ್ಲಾಡಿಸಿ ಎಬ್ಬಿಸತೊಡಗಿದ. ‘ದೊಡ್ಡ ಬಾರುಗಳಲ್ಲಿ ಎರಡು ಗಂಟೆಗೆ ಇಷ್ಟು ಅಂತ ದುಡ್ಡು ಕಟ್ಟಿಬಿಟ್ಟರೆ ಎಷ್ಟು ಬೇಕಾದರೂ ಕುಡೀಬಹುದು ಅಮ್ಮ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಅಲ್ಲಿಂದಲೇ ಹೀಗೆ ಬರೋದು’ ಎಂದಳು ಮಗಳು. ಅವನಿಗೆ ಇಪ್ಪತ್ತೈದೂ ದಾಟಿರಲಾರದು. ನಾನು ಕೊನೆಗೆ ಪಾಠ ಹೇಳಿದ ಮಕ್ಕಳಿಗೆ ಈಗ ಅಷ್ಟೇ ವಯಸ್ಸು.