ಷರತ್ತುಗಳು ಅನ್ವಯಿಸುತ್ತವೆ

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಬರೆಯಬೇಕಾದ ವಿಷಯ ಒಂದಿತ್ತು. ಅದರಲ್ಲಿ ನನ್ನದೇ ತಪ್ಪೂ ಇದ್ದದ್ದರಿಂದ ನಾಳೆ, ನಾಡಿದ್ದು ಅಂತ ಮುಂದೂಡುತ್ತಾ ಬಂದೆ.

2024ರ ಜನವರಿ. ಶಿಕಾಗೋದಿಂದ ಡೆ ಮೊಯ್ನ್‌ಗೆ ಕಾರಿನಲ್ಲಿ ಹೊರಟಿದ್ದೆ. ಐಯೋವಾದಲ್ಲಿ ಆ ವಾರ ಒಂದರ ಹಿಂದೆ ಒಂದು ಹಿಮಗಾಳಿ. ಮಿಸ್ಸಿಸ್ಸಿಪ್ಪಿ ನದಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗಾಡಿಯ ಕೆಂಪು ದೀಪವೂ ಕಾಣದಂತಾಯ್ತು. ಧೈರ್ಯ ಸಾಲದೆ ವಾಲ್ಕಾಟ್ ಅನ್ನೋ ಊರಲ್ಲಿ ಹೆದ್ದಾರಿ ಬಿಟ್ಟು ಕೆಳಗಿಳಿದೆ. ಅಲ್ಲಿರುವುದು 'ಐಯೋವಾ 80', 1964ರಲ್ಲಿ ಶುರುವಾದ, 'ಜಗತ್ತಿನ ಅತಿ ದೊಡ್ಡ ಟ್ರಕ್ ಸ್ಟಾಪ್' ಅಂತ ಬೋರ್ಡ್ ಹಾಕಿಕೊಂಡಿರುವ ಜಾಗ. ಸುಳ್ಳೇನಲ್ಲ ಬಿಡಿ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಹಳೇ ಟ್ರಕ್‌ಗಳ ಮ್ಯೂಸಿಯಂ, ಎಲ್ಲಾ ಇದೆ. ಅವತ್ತು ಹೊರಗೆ ಕಣ್ಣು ಹಾಯಿಸಿದಷ್ಟು ದೂರ ಟ್ರಕ್‌ಗಳು, ಮೇಲೆ ಹಿಮ.

ಒಳಗೆ ಹೋಟೆಲಿನಲ್ಲಿ ಜಾಗ ಸಿಕ್ಕಿದ್ದು ಮೂವರು ಡ್ರೈವರ್‌ಗಳು ಕೂತಿದ್ದ ಟೇಬಲ್ಲಿನಲ್ಲಿ. ಬಿಳಿ ಗಡ್ಡದ ಒಬ್ಬ ಅಜ್ಜ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಇನ್ನೊಬ್ಬ ನನ್ನ ವಯಸ್ಸಿನ ಪಂಜಾಬಿ ಹುಡುಗ. ಹುಡುಗ ಕಂಪನಿ ಬದಲಾಯಿಸಲು ಹೊರಟಿದ್ದ, ಕೈಯಲ್ಲಿ ಎರಡು ಆಫರ್. ಉಳಿದಿಬ್ಬರು ಸಲಹೆ ಕೊಡುತ್ತಿದ್ದರು. ನಾನು ಸಾಫ್ಟ್‌ವೇರ್ ಅಂತ ಗೊತ್ತಾಗುತ್ತಲೇ ನ್ಯಾಪ್ಕಿನ್ನು, ಪೆನ್ನು ನನ್ನ ಕಡೆ ತಳ್ಳಿದ. "ಲೆಕ್ಕ ಮಾಡು ಭಾಯಿ".

ನನ್ನ ಕೆಲಸ ಏನು ಅಂತ ಪೂರ್ತಿ ಹೇಳಿರಲಿಲ್ಲ. ನಾನು ಬರೆಯುವುದೇ ಟ್ರಕ್ ಕಂಪನಿಗಳಿಗೆ ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರು. ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದರೂ ಅಲ್ಲಿಯವರೆಗೆ ಒಬ್ಬ ಡ್ರೈವರ್ ಜೊತೆಗೂ ಮಾತಾಡಿರಲಿಲ್ಲ!

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ದೂರದ ಟ್ರಕ್ ಓಡಿಸುವವರಿಗೆ ಹೆಚ್ಚಾಗಿ ಸಂಬಳ ಮೈಲಿ ಲೆಕ್ಕದಲ್ಲಿ, ಮೈಲಿಗೆ ಇಷ್ಟು ಸೆಂಟ್ ಅಂತ. ಚಕ್ರ ಉರುಳಿದರೆ ದುಡ್ಡು. ಗೋದಾಮಿನ ಮುಂದೆ ಐದು ಗಂಟೆ ಕಾಯಿಸಿದರೆ ಸಾಮಾನ್ಯವಾಗಿ ಮೊದಲ ಎರಡು ಗಂಟೆಗೆ ಏನೂ ಇಲ್ಲ, ಆಮೇಲೆ ಸಿಕ್ಕರೆ 'ಡಿಟೆನ್ಷನ್' ಅಂತ ಚೂರುಪಾರು. ಓವರ್‌ಟೈಮ್ ಕೊಡಲೇಬೇಕು ಅನ್ನುವ 1938ರ ಕೇಂದ್ರ ಕಾನೂನು ಅಂತರರಾಜ್ಯ ಟ್ರಕ್ ಡ್ರೈವರ್‌ಗಳನ್ನು ಹೊರಗಿಟ್ಟಿದೆ. ಹೋಗಲಿ, ಜಾಸ್ತಿ ಓಡಿಸಿ ದುಡಿಯೋಣ ಅಂದರೆ ಅದಕ್ಕೂ ಮಿತಿ. 10 ಗಂಟೆ ವಿಶ್ರಾಂತಿ ಆದಮೇಲೆ 14 ಗಂಟೆಯ ಒಳಗೆ 11 ಗಂಟೆ ಮಾತ್ರ ಓಡಿಸಬಹುದು. ಈ 14 ಗಂಟೆ ಗೋದಾಮಿನ ಮುಂದೆ ಕಾಯುವಾಗಲೂ ಸಾಮಾನ್ಯವಾಗಿ ಕರಗುತ್ತಲೇ ಇರುತ್ತದೆ. 2017ರ ಡಿಸೆಂಬರ್‌ನಿಂದ ಬಹುಪಾಲು ಟ್ರಕ್‌ಗಳಲ್ಲಿ ಇದನ್ನೆಲ್ಲಾ ಯಂತ್ರವೇ ಬರೆದುಕೊಳ್ಳುತ್ತದೆ, ಕಾಗದದ ಕಾಲದ 'ಅಡ್ಜಸ್ಟ್‌ಮೆಂಟ್' ಈಗ ಸುಲಭ ಅಲ್ಲ.

ಹೀಗಾಗಿ ಕೆಲವು ಕಂಪನಿಗಳು 'ಗ್ಯಾರಂಟಿ' ಕೊಡುತ್ತವೆ. (ನಮ್ಮ 2023ರ ಐದು ಗ್ಯಾರಂಟಿ ಅಲ್ಲ :-) ) ವಾರಕ್ಕೆ ಮೈಲಿ ಎಷ್ಟೇ ಆಗಲಿ, ಕನಿಷ್ಠ ಇಷ್ಟು ಡಾಲರ್ ಅಂತ. ಮೈಲಿ ಲೆಕ್ಕದ ಮೇಲೆ ಇದು ಹೆಚ್ಚುವರಿ ಅಂತ ಹೊಸಬರು ತಿಳಿಯುತ್ತಾರೆ. ಹಾಗಿಲ್ಲ. ಎರಡರಲ್ಲಿ ಯಾವುದು ದೊಡ್ಡದೋ ಅದು. ಕೋಡ್‌ನಲ್ಲಿ ಒಂದೇ ಸಾಲು.

ಹುಡುಗನ ಮೊದಲ ಆಫರ್ ಮೈಲಿಗೆ 60 ಸೆಂಟ್, ಗ್ಯಾರಂಟಿ ಇಲ್ಲ. ಎರಡನೆಯದು 52 ಸೆಂಟ್, ವಾರಕ್ಕೆ 1,200 ಡಾಲರ್ ಗ್ಯಾರಂಟಿ. ಒಳ್ಳೇ ವಾರ 2,600 ಮೈಲಿ ಆಗುತ್ತದೆ, ಕೆಟ್ಟ ವಾರ 1,400 ಅಂದ. ನಾನು ಲೆಕ್ಕ ಹಾಕಿದೆ. ನಾಲ್ಕು ವಾರದಲ್ಲಿ ಒಂದು ಕೆಟ್ಟದಾದರೆ ಮೊದಲನೆಯದರಲ್ಲಿ 5,520, ಎರಡನೆಯದರಲ್ಲಿ 5,256. ಎರಡು ವಾರ ಕೆಟ್ಟರೆ 4,800 ಮತ್ತು 5,104. "ತಿಂಗಳಿಗೆ ಒಂದೇ ವಾರ ಕೆಡುತ್ತದೆ ಅನ್ನುವುದಾದರೆ ಗ್ಯಾರಂಟಿ ಬೇಡ" ಅಂತ ತೀರ್ಪು ಕೊಟ್ಟೆ. ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬೇಡವೇ.

ಆ ಹೆಂಗಸು ನ್ಯಾಪ್ಕಿನ್ ನೋಡಿ ನಕ್ಕಳು. ಅವಳು ಹೇಳಿದ್ದರ ಸಾರಾಂಶ ಇಷ್ಟು: ಮನೆ ಬಾಡಿಗೆ ಸರಾಸರಿ ನೋಡಿಕೊಂಡು ಬರುವುದಿಲ್ಲ, ಒಂದನೇ ತಾರೀಕು ಬರುತ್ತದೆ. 840 ಡಾಲರ್‌ನ ಆ ಒಂದು ವಾರ ಅದರ ಹಿಂದೆಯೇ ಬಿದ್ದರೆ? ತಿಂಗಳಿಗೆ 264 ಡಾಲರ್ ಕಮ್ಮಿಯಾದರೂ ಚಿಂತೆಯಿಲ್ಲ, ಆ ವಾರ ನನಗೆ ಬೇಡ. ಅದಲ್ಲದೆ ಗ್ಯಾರಂಟಿ ಇದ್ದರೆ ನಾನು ಸುಮ್ಮನೆ ನಿಂತಾಗ ಕಂಪನಿಗೂ ನೋಯುತ್ತದೆ, ಲೋಡ್ ಹುಡುಕಿ ಕೊಡುತ್ತಾರೆ. ಇಲ್ಲದಿದ್ದರೆ ನಾನು ನಿಂತರೆ ನಷ್ಟ ನನ್ನೊಬ್ಬಳದು.

ಅಲ್ಲಿ ನನಗೆ ನನ್ನ ಮಾವ ನೆನಪಾದರು. ಅದಿರಿನ ಭರಾಟೆಯ ದಿನಗಳಲ್ಲಿ ಅವರು ಸಂಡೂರು ಕಡೆಯಿಂದ ಘಾಟಿ ಇಳಿದು ಕರಾವಳಿಗೆ ಲಾರಿ ಓಡಿಸುತ್ತಿದ್ದರು. ಟ್ರಿಪ್ಪಿಗೆ ಇಷ್ಟು ಅಂತ ಬಾಟಾ. ಬಂದರಿನ ಹೊರಗೆ ಎರಡು ರಾತ್ರಿ ಸಾಲಿನಲ್ಲಿ ನಿಂತರೂ ಅಷ್ಟೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದೂ ಹೋಯ್ತು. ಆ ಎರಡು ರಾತ್ರಿಗಳ ಖರ್ಚು ಯಾರದು ಅಂತ ನಾವು ಯಾರೂ ಮನೆಯಲ್ಲಿ ಕೇಳಿದ ನೆನಪಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜ, "ಮೊದಲು ಸಣ್ಣಕ್ಷರ ಓದು" ಅಂದ. ಹುಡುಗ ಫೋನ್‌ನಲ್ಲಿ ಆಫರ್ ತೆಗೆದ. ಗ್ಯಾರಂಟಿ ಸಿಗಬೇಕಾದರೆ ವಾರದ ಏಳೂ ದಿನ ಡಿಸ್ಪ್ಯಾಚ್‌ಗೆ ಸಿದ್ಧ ಇರಬೇಕು. ಒಂದು ದಿನ ಮನೆಗೆ ಹೋದರೆ ಆ ವಾರ ಇಲ್ಲ. ಡಿಟೆನ್ಷನ್ ಸಿಕ್ಕಿದ್ದರೆ ಅದೂ 1,200ರ ಒಳಗೇ ಸೇರಿತು. ಮತ್ತು ಕೊಟ್ಟ ಯಾವ ಲೋಡನ್ನೂ ನಿರಾಕರಿಸಿರಬಾರದು.

ಹೆಂಗಸು ಕೊನೆಯದರ ಮೇಲೆ ಬೆರಳಿಟ್ಟಳು. ಹಳೇ ಕಂಪನಿಯಲ್ಲಿ ಒಂದು ಸಲ ಅವಳ 14 ಗಂಟೆಯಲ್ಲಿ ಎರಡು ಗಂಟೆ ಉಳಿದಿತ್ತಂತೆ. ಐದು ಗಂಟೆ ದೂರದ ಲೋಡ್ ಬಂತು, ಇವತ್ತೇ ತಲುಪಿಸಬೇಕು ಅಂತ. ಆಗಲ್ಲ ಅಂದಳು. ಹಾಗೆ ಗಂಟೆ ಮೀರಿ ಓಡಿಸು ಅಂತ ಡ್ರೈವರ್ ಮೇಲೆ ಒತ್ತಡ ಹಾಕಬಾರದು ಅಂತ 2016ರಲ್ಲಿ ಜಾರಿಗೆ ಬಂದ ನಿಯಮವೇ ಇದೆ. ಯಾರೂ ಒತ್ತಡ ಹಾಕಲಿಲ್ಲ, ಓಕೆ ಅಂದರು. ಶುಕ್ರವಾರ ಸಂಬಳ ನೋಡಿದರೆ ಗ್ಯಾರಂಟಿ ಇಲ್ಲ. ಫೋನ್ ಮಾಡಿದರೆ, "ಸಿಸ್ಟಮ್‌ನಲ್ಲಿ ನೀವು ನಿರಾಕರಿಸಿದ್ದೀರಿ ಅಂತ ತೋರಿಸುತ್ತಿದೆ".

ನಾನು ಕಾಫಿ ನೋಡುತ್ತಾ ಕೂತೆ. ಆ ಕಂಪನಿ ನಮ್ಮ ಗಿರಾಕಿಯೋ ಅಲ್ಲವೋ, ಕೇಳಲಿಲ್ಲ. ಆದರೆ ಅಂಥದ್ದೇ ಒಂದು ಸಾಲನ್ನು ನಾನು ಬರೆದಿದ್ದೆ. ಲೋಡ್ ಕೊಟ್ಟಾಗ ಉತ್ತರ ಎರಡೇ, ಒಪ್ಪಿಗೆ ಅಥವಾ ನಿರಾಕರಣೆ. ವಾರದಲ್ಲಿ ಒಂದು ನಿರಾಕರಣೆ ಇದ್ದರೂ ಗ್ಯಾರಂಟಿ ರದ್ದು. 'ಮಾಡಲು ಕಾನೂನು ಬಿಡುವುದಿಲ್ಲ' ಅನ್ನುವ ಮೂರನೇ ಉತ್ತರ ಒಂದು ಇರಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ಟೆಸ್ಟಿಂಗ್‌ನಲ್ಲಿ ಎಲ್ಲಾ ಪಾಸ್ ಆಗಿತ್ತು, ಅವತ್ತು ಟೀಮ್‌ನವರು ಪಿಜ್ಜಾ ತರಿಸಿದ್ದೆವು.

ಅವರಿಗೆ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಮಧ್ಯಾಹ್ನ ಗಾಳಿ ಸ್ವಲ್ಪ ತಗ್ಗಿತು, ಹುಡುಗನ ಬಿಲ್ ನಾನು ಕೊಟ್ಟೆ, ಅವನಿಗೆ ಯಾಕೆ ಅಂತ ಅರ್ಥವಾಗಲಿಲ್ಲ. ಹೊರಡುವಾಗ ಅವನು ಎರಡನೇ ಕಂಪನಿಗೆ ಫೋನ್ ಮಾಡಿ ಆ ಷರತ್ತಿನ ಬಗ್ಗೆ ಕೇಳುತ್ತಿದ್ದ.

ಆಫೀಸಿಗೆ ಬಂದು ಎತ್ತಿದೆ. "ಸ್ಪೆಸಿಫಿಕೇಶನ್ ಪ್ರಕಾರವೇ ಇದೆಯಲ್ಲ" ಅಂದರು. ಅದೂ ನಿಜ, ಸ್ಪೆಸಿಫಿಕೇಶನ್ ಓದಿ ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಒಂದು ಶನಿವಾರ ಕೂತು, ಗ್ಯಾರಂಟಿ ರದ್ದಾದ ವಾರಗಳಲ್ಲಿ ಎಷ್ಟು ಸಲ ಡ್ರೈವರ್‌ಗೆ ಗಂಟೆಯೇ ಉಳಿದಿರಲಿಲ್ಲ ಅಂತ ಒಂದು ಕ್ವೆರಿ ಬರೆದೆ. ಬಂದ ಸಂಖ್ಯೆಯನ್ನು ಇಲ್ಲಿ ಬರೆಯುವಂತಿಲ್ಲ, ನೌಕರಿ ಬೇಕು :-( ಆ ಸಂಖ್ಯೆ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋದ ಮೇಲೆ ಕೆಲಸ ಸ್ವಲ್ಪ ಚುರುಕಾಯ್ತು. ಐದು ತಿಂಗಳ ನಂತರ 'ನಿರಾಕರಣೆಗೆ ಕಾರಣ' ಅನ್ನೋ ಒಂದು ಡ್ರಾಪ್‌ಡೌನ್ ಬಂತು. 'ಗಂಟೆ ಮುಗಿದಿದೆ' ಅಂತ ಆರಿಸಿದರೆ ಗ್ಯಾರಂಟಿ ಉಳಿಯುತ್ತದೆ. ಹಿಂದಿನ ವಾರಗಳ ದುಡ್ಡು ವಾಪಸ್ ಕೊಡುವ ಮಾತು ಮೀಟಿಂಗಿನಲ್ಲಿ ಒಂದು ಸಲ ಬಂದು ಹೋಯ್ತು, ಮತ್ತೆ ಬರಲಿಲ್ಲ.

ಈಗ ಇನ್ನೊಂದು ಸಮಸ್ಯೆ. ಕಾರಣ ಆರಿಸುವವರು ಡಿಸ್ಪ್ಯಾಚರ್‌ಗಳು. ನೂರು ಫೋನಿನ ನಡುವೆ ಅವರು ಪಟ್ಟಿಯಲ್ಲಿ ಮೊದಲು ಕಂಡಿದ್ದನ್ನು ಒತ್ತುತ್ತಾರೆ. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದೆ, 'ಡ್ರೈವರ್ ಇಚ್ಛೆ' ಮೇಲೆ ಬರುತ್ತದೆ, 'ಗಂಟೆ ಮುಗಿದಿದೆ' ಅನ್ನುವುದು ಕೆಳಗೆ. ಡಿಸ್ಪ್ಯಾಚರ್‌ಗೆ ಕೇಳುವುದೇ ಬೇಡ, ಟ್ರಕ್ಕಿನ ಯಂತ್ರದಲ್ಲಿ ಉಳಿದ ಗಂಟೆ ಇದ್ದೇ ಇದೆ, ನೇರವಾಗಿ ಅಲ್ಲಿಂದಲೇ ತೆಗೆದುಕೊಳ್ಳೋಣ ಅಂತ ಹೊಸ ಟಿಕೆಟ್ ಹಾಕಿದ್ದೇನೆ. ಅದಕ್ಕೆ ಪ್ರಯಾರಿಟಿ 'ಲೋ' ಅಂತ ಕೊಟ್ಟಿದ್ದಾರೆ. ಪ್ರತಿ ಸೋಮವಾರ ಅದನ್ನು ತೆಗೆದು ಒಂದು ಕಾಮೆಂಟ್ ಹಾಕಿ ಮತ್ತೆ ಪಟ್ಟಿಯ ಮೇಲಕ್ಕೆ ತರುತ್ತಿದ್ದೇನೆ.